ಯಾರನ್ನು ಎಲ್ಲಿ ಕೂರಿಸಿದರು?

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಈ ವರ್ಷದ ಉಪನ್ಯಾಸಕ್ಕೆ ‘ಒಳ್ಳೆಯ ನಾಯಕನ ಗುಣಗಳು’ ಎಂಬ ವಿಷಯ ಕೊಟ್ಟಿದ್ದೀರಿ. ಈ ವಿಷಯದ ಮೇಲೆ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲೇ ಹತ್ತಾರು ಪುಸ್ತಕ ಸಿಗುತ್ತವೆ. ಧೈರ್ಯ, ದೂರದೃಷ್ಟಿ, ಪ್ರಾಮಾಣಿಕತೆ, ಮಾತುಗಾರಿಕೆ, ಸಮಯಪಾಲನೆ ಎಂದು ಪಟ್ಟಿ ಶುರುವಾಗುತ್ತದೆ. ಅದರಲ್ಲಿ ಯಾವ ಗುಣವನ್ನೂ ಅಲ್ಲಗಳೆಯುವಂತಿಲ್ಲ. ತೊಂದರೆ ಇರುವುದು ಬೇರೆ ಕಡೆ. ಈ ಗುಣಗಳೆಲ್ಲ ಇದ್ದ ಎಷ್ಟೋ ಮಂದಿ ಅಧಿಕಾರದಲ್ಲಿ ಕೂತು ಎದ್ದು ಹೋದರು, ನಾಡಿಗೆ ಅದರ ಅರಿವೂ ಆಗಲಿಲ್ಲ. ಇವುಗಳಲ್ಲಿ ಅರ್ಧದಷ್ಟೂ ಇಲ್ಲದ ಕೆಲವರು ಹಳ್ಳಿಯ ಲೆಕ್ಕಾಚಾರವನ್ನೇ ಬದಲಿಸಿಬಿಟ್ಟರು. ಹಾಗಾಗಿ ಪಟ್ಟಿಯನ್ನು ಬದಿಗಿಟ್ಟು ಒಬ್ಬ ಮನುಷ್ಯನನ್ನು ಎತ್ತಿಕೊಳ್ಳುತ್ತೇನೆ: ಡಿ. ದೇವರಾಜ ಅರಸು. ಅವರನ್ನು ಹೊಗಳಲೆಂದೇ ಇವತ್ತು ಬಂದಿಲ್ಲ. ಅವರ ಮೇಲೆ ಹೇಳಬೇಕಾದ ಕಟುವಾದ ಮಾತುಗಳೂ ಇವೆ, ಅವನ್ನೂ ಹೇಳುತ್ತೇನೆ. ಆದರೆ ಒಬ್ಬ ನಾಯಕನನ್ನು ಅಳೆಯಲು ನಾನು ಕೇಳುವ ಪ್ರಶ್ನೆ ಒಂದೇ. ತೀರ್ಮಾನ ಆಗುವ ಜಾಗದಲ್ಲಿ ಆತ ಯಾರನ್ನು ಕೂರಿಸಿದ? ಈ ಪ್ರಶ್ನೆಗೆ ಅರಸು ಅವರಷ್ಟು ಸ್ಪಷ್ಟವಾಗಿ ಉತ್ತರ ಕೊಟ್ಟವರು ನಮ್ಮ ರಾಜ್ಯದಲ್ಲಿ ಕಡಿಮೆ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ಹುಟ್ಟಿದ್ದು 1915ರ ಆಗಸ್ಟ್ 20ರಂದು. ಬೆಂಗಳೂರಿನಲ್ಲಿ ಓದಿ ಊರಿಗೆ ಮರಳಿ ಬೇಸಾಯಕ್ಕೆ ನಿಂತವರು. ಹರೆಯದಲ್ಲಿ ಕುಸ್ತಿಯ ಹುಚ್ಚು, ಮುಂದೆ ಬಾಯಲ್ಲಿ ಪೈಪು. 1952ರ ಮೊದಲ ಚುನಾವಣೆಯಲ್ಲೇ ಹುಣಸೂರಿನಿಂದ ಶಾಸಕರಾದರು. ಮಾತಿನ ಮೋಡಿಗಾರರೇನಲ್ಲ. ಅರಮನೆಯ ನೆಂಟಸ್ತಿಕೆಯ ಜಾತಿ ಎಂಬ ಹೆಸರಿತ್ತು, ಆದರೆ ಓಟಿನ ಲೆಕ್ಕದಲ್ಲಿ ಅರಸು ಜನಾಂಗ ಬೆರಳೆಣಿಕೆಯದ್ದು. ಎರಡು ದೊಡ್ಡ ಸಮುದಾಯಗಳ ನಡುವೆಯೇ ಮುಖ್ಯಮಂತ್ರಿಯ ಕುರ್ಚಿ ಓಡಾಡುತ್ತಿದ್ದ ಕಾಲದಲ್ಲಿ ಇಂಥವರಿಗೆ ಅಲ್ಲಿ ಜಾಗವಿರಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆಯಿತು. ಆಗ ನಿಜಲಿಂಗಪ್ಪ, ವೀರೇಂದ್ರ ಪಾಟೀಲರಂಥ ಘಟಾನುಘಟಿಗಳು ಒಂದು ಕಡೆ ನಿಂತರೆ ಅರಸು ಇಂದಿರಾ ಗಾಂಧಿಯವರ ಕಡೆ ನಿಂತರು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳನ್ನೂ ಅವರ ಪಕ್ಷ ಗೆದ್ದಿತು. ಮರುವರ್ಷ ವಿಧಾನಸಭೆಯ 216ರಲ್ಲಿ 165. ಅರಸು ಮುಖ್ಯಮಂತ್ರಿಯಾದರು. ಇದು ಇಂದಿರಾ ಅಲೆ ಎಂದು ಹೇಳಿ ಮುಗಿಸುವವರಿದ್ದಾರೆ. ಅಲೆ ಇದ್ದದ್ದು ನಿಜ. ಆದರೆ ಅಲೆಯ ಮೇಲೆ ಯಾರನ್ನು ಕೂರಿಸಿ ತೇಲಿಬಿಡಬೇಕು ಎಂಬುದನ್ನು ದೆಹಲಿ ತೀರ್ಮಾನಿಸಲಿಲ್ಲ, ಟಿಕೆಟ್ ಹಂಚಿಕೆಯಲ್ಲಿ ಅರಸು ತೀರ್ಮಾನಿಸಿದರು. ಊರಲ್ಲಿ ಬಲವಿಲ್ಲದ, ಮಠದ ಬೆಂಬಲವಿಲ್ಲದ, ಜಾತಿಯ ತಲೆಯೆಣಿಕೆಯಿಲ್ಲದ ಹುಡುಗರನ್ನು ಹುಡುಕಿ ಹುಡುಕಿ ನಿಲ್ಲಿಸಿದರು. ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಜೇವರ್ಗಿಯಿಂದ ಧರ್ಮಸಿಂಗ್, ಕಾರ್ಕಳದಿಂದ ವೀರಪ್ಪ ಮೊಯಿಲಿ, ಇವರೆಲ್ಲ ಮೊದಲ ಸಲ ವಿಧಾನಸಭೆಯ ಮೆಟ್ಟಿಲು ಹತ್ತಿದ್ದು ಆ 1972ರಲ್ಲೇ. ಅವರ ಮುಂದಿನ ರಾಜಕಾರಣದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಅವರ ಜಾತಿಗಳ ಹೆಸರು ಅದುವರೆಗೆ ಟಿಕೆಟ್ ಹಂಚುವ ಕೋಣೆಯೊಳಗೆ ಗಟ್ಟಿಯಾಗಿ ಕೇಳಿಸಿರಲಿಲ್ಲ.

ಇನ್ನು ಭೂಮಿಯ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಅರಸು ಅವರದ್ದಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳಕ್ಕೆ ಕಾರಣವಾದದ್ದು ಭತ್ತ ಅಳೆಯುವ ಕೊಳಗ. ಗೇಣಿ ಅಳೆಯುವಾಗ ಒಡೆಯರು ಹೆಚ್ಚು ಹಿಡಿಯುವ ಕೊಳಗ ಇಟ್ಟುಕೊಂಡಿದ್ದಾರೆ ಎಂಬುದು ರೈತರ ದೂರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಸದ್ದು ದೆಹಲಿಗೂ ಮುಟ್ಟಿತು. ಆಮೇಲೆ ಬಿ.ಡಿ. ಜತ್ತಿಯವರ ಸಮಿತಿ, 1961ರ ಭೂಸುಧಾರಣಾ ಕಾಯ್ದೆ. ಅದು ಜಾರಿಗೆ ಬಂದದ್ದು 1965ರಲ್ಲಿ. ಅಂದರೆ ಅರಸು ಬರುವ ಹೊತ್ತಿಗೆ ಹೋರಾಟವೂ ಇತ್ತು, ಕಾಯ್ದೆಯೂ ಇತ್ತು. ಆದರೂ ಗೇಣಿದಾರನ ಕೈಗೆ ಗದ್ದೆ ಬಂದಿರಲಿಲ್ಲ. ಒಡೆಯರು ಸ್ವಂತ ಸಾಗುವಳಿ ಎಂದು ಹೇಳಿ ಭೂಮಿಯನ್ನು ವಾಪಸು ಪಡೆಯಲು ಆ ಕಾಯ್ದೆಯಲ್ಲೇ ದಾರಿಯಿತ್ತು. ದಾರಿ ಇಲ್ಲದ ಕಡೆ ಕೋರ್ಟಿತ್ತು. ಮುನ್ಸೀಫ್ ಕೋರ್ಟಿನಿಂದ ಶುರುವಾದರೆ ಮೊಮ್ಮಕ್ಕಳ ಕಾಲಕ್ಕೆ ಮುಗಿಯುವ ಮೊಕದ್ದಮೆ. ವಕೀಲರ ಫೀಜು ಒಡೆಯನಿಗೆ ಒಂದು ವರ್ಷದ ಅಡಿಕೆಯಲ್ಲಿ ಹುಟ್ಟುತ್ತಿತ್ತು, ಗೇಣಿದಾರನಿಗೆ ಎತ್ತು ಮಾರಿದರೂ ಸಾಲುತ್ತಿರಲಿಲ್ಲ. ಸಾಕ್ಷಿಗೆ ಕಾಗದ ಬೇಕು, ಕಾಗದ ಶಾನುಭೋಗರ ಹತ್ತಿರ. ಗೇಣಿಗೆ ರಸೀದಿ ಕೇಳುವ ಧೈರ್ಯ ಮಾಡಿದವನಿಗೆ ಮುಂದಿನ ವರ್ಷ ಗದ್ದೆಯೇ ಇರುತ್ತಿರಲಿಲ್ಲ.

ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಆ ದಿನದಿಂದ ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರದ್ದು. ಉಳುತ್ತಿರುವವನು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿ ಅದನ್ನು ತನ್ನ ಹೆಸರಿಗೆ ಮಾಡಿಕೊಳ್ಳಬಹುದು. ಕರಾವಳಿಯವರು ಇದಕ್ಕೆ ಇವತ್ತಿಗೂ ‘ಡಿಕ್ಲರೇಷನ್ ಹಾಕುವುದು’ ಎನ್ನುತ್ತಾರೆ. ಇಷ್ಟು ಮಾಡಿ ಸುಮ್ಮನಿದ್ದಿದ್ದರೆ ಇದೂ ಹಳೆಯ ಕಾಯ್ದೆಯ ದಾರಿಯನ್ನೇ ಹಿಡಿಯುತ್ತಿತ್ತು. ಇದರ ಜೀವ ಇದ್ದದ್ದು 48ನೆಯ ಕಲಮಿನಲ್ಲಿ. ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಅವರ ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಸಿವಿಲ್ ಕೋರ್ಟಿಗೆ ಇಲ್ಲಿ ಪ್ರವೇಶವಿಲ್ಲ. ವಕೀಲರಿಗೂ ಇಲ್ಲ. ಮಂಡಳಿಯ ಮೇಲೆ ಮೇಲ್ಮನವಿಯಿಲ್ಲ, ಬೇಕಿದ್ದರೆ ಹೈಕೋರ್ಟಿಗೆ ರಿಟ್ ಹಾಕಿಕೊಳ್ಳಬೇಕು.

ನಾನು ಆಗ ಹೈಸ್ಕೂಲು ಹುಡುಗ. ನಮ್ಮ ದೊಡ್ಡಪ್ಪ ಫಾರಂ 7 ಹಾಕಿದ್ದರು, ಅವರ ಜೊತೆಗೆ ತಾಲ್ಲೂಕು ಕಚೇರಿಗೆ ಹೋಗಿದ್ದೆ. ಜಗುಲಿಯ ತುಂಬ ಜನ, ಬೀಡಿ ಹೊಗೆ, ಬಗಲಲ್ಲಿ ಕಾಗದದ ಚೀಲ. ಜವಾನ ಹೆಸರು ಕೂಗಿದ. ಒಳಗೆ ಉದ್ದ ಮೇಜು, ಆಚೆ ಐದು ಕುರ್ಚಿ. ಎ.ಸಿ. ಸಾಹೇಬರ ಪಕ್ಕದ ಎರಡನೆಯ ಕುರ್ಚಿಯಲ್ಲಿ ಕೂತಿದ್ದವರನ್ನು ನೋಡಿ ದೊಡ್ಡಪ್ಪ ಒಂದು ಗಳಿಗೆ ತಬ್ಬಿಬ್ಬಾದರು. ಪಕ್ಕದೂರಿನ ದಲಿತ ಕೇರಿಯವರು, ಒಡೆಯರ ಮನೆ ಅಂಗಳದ ಆಚೆ ನಿಂತು ಕೂಲಿ ಇಸಿದುಕೊಳ್ಳುತ್ತಿದ್ದವರು. ಈಗ ಅವರು ಕೂತಿದ್ದರು, ಒಡೆಯರು ಈಚೆ ನಿಂತಿದ್ದರು. ದೊಡ್ಡಪ್ಪನನ್ನು ಸರ್ವೆ ನಂಬರ್ ಕೇಳಿದರು. ಗೊತ್ತಿರಲಿಲ್ಲ. ಇನ್ನೊಂದು ಸಲ ಕೇಳಿದರು. ಬೆವರು ಒರೆಸಿಕೊಂಡರೇ ಹೊರತು ಮಾತು ಬರಲಿಲ್ಲ. ಆಗ ಆ ಎರಡನೆಯ ಕುರ್ಚಿಯವರು ಕೇಳಿದರು: “ನಂಬರ್ ಬಿಡಪ್ಪ, ಗದ್ದೆ ಚಕ್ಕುಬಂದಿ ಹೇಳು ನೋಡೋಣ.” ದೊಡ್ಡಪ್ಪ ಉಸಿರು ಬಿಡದೆ ಹೇಳಿಬಿಟ್ಟರು: “ಮೂಡಕ್ಕೆ ಹಳ್ಳ ಸ್ವಾಮಿ, ಪಡುವಕ್ಕೆ ಒಡೇರ ತೋಟ, ಬಡಗಕ್ಕೆ ದೇವಸ್ಥಾನದ ಉಂಬಳಿ, ತೆಂಕಕ್ಕೆ ನಮ್ಮ ಚಿಕ್ಕಪ್ಪ ಮಾಡೋ ಗದ್ದೆ. ಹಳ್ಳದ ಕಟ್ಟು ಒಡೆದರೆ ಕಟ್ಟೋದು ನಾವೇ, ಹುಣಸೆ ಮರದ ಹತ್ತಿರ ಒಡೆಯುತ್ತೆ.” ಅದೇ ಪ್ರಶ್ನೆಯನ್ನು ಒಡೆಯರಿಗೆ ಕೇಳಿದರು. ಅವರಿಗೆ ಸರ್ವೆ ನಂಬರ್ ಬಾಯಿಪಾಠ ಇತ್ತು. ಕಟ್ಟು ಎಲ್ಲಿ ಒಡೆಯುತ್ತದೆ ಎಂಬುದು ಗೊತ್ತಿರಲಿಲ್ಲ.

ಕಾನೂನು ಕಾಲೇಜಿನವರು ಇದನ್ನು ಸಾಕ್ಷ್ಯದ ನಿಯಮಗಳ ಉಲ್ಲಂಘನೆ ಎನ್ನಬಹುದು. ನಾನು ಇದನ್ನು ನಾಯಕತ್ವದ ಕೆಲಸ ಎನ್ನುತ್ತೇನೆ. ದೊಡ್ಡಪ್ಪನಿಗೆ ಗೊತ್ತಿದ್ದ ಭಾಷೆಯಲ್ಲಿ ಪ್ರಶ್ನೆ ಕೇಳಬಲ್ಲ ಒಬ್ಬರನ್ನು ಆ ಮೇಜಿನ ಆಚೆ ಕೂರಿಸಲೇಬೇಕು ಎಂದು ಕಾಯ್ದೆಯಲ್ಲಿ ಬರೆಸಿದ್ದರಿಂದ ಆ ಪ್ರಶ್ನೆ ಹುಟ್ಟಿತು. ಅಧಿಕಾರಿಗಳ ಸದ್ಬುದ್ಧಿಗೆ ಬಿಟ್ಟಿದ್ದರೆ ಸರ್ವೆ ನಂಬರಿನಲ್ಲೇ ಪ್ರಕರಣ ಮುಗಿಯುತ್ತಿತ್ತು. ಈ ಕೆಲಸ ಒಬ್ಬರದ್ದೇ ಅಲ್ಲ. ಕಂದಾಯ ಖಾತೆಯಲ್ಲಿ ಹುಚ್ಚಮಾಸ್ತಿಗೌಡರಿದ್ದರು, ಭೂಸುಧಾರಣೆಯ ಹೊಣೆಯನ್ನು ಸುರತ್ಕಲ್‌ನ ಬಿ. ಸುಬ್ಬಯ್ಯ ಶೆಟ್ಟರು ಹೊತ್ತರು. ಭೂಮಿಯುಳ್ಳ ಸಮುದಾಯದಿಂದಲೇ ಬಂದ ಶೆಟ್ಟರು ಕರಾವಳಿಯಲ್ಲಿ ತಮ್ಮವರ ಸಿಟ್ಟನ್ನು ಎದುರಿಸಿ ಇದನ್ನು ಮಾಡಿಸಿದರು. ಅರ್ಜಿ ಹಾಕುವ ಗಡುವನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಸುಮಾರು 8 ಲಕ್ಷ ಅರ್ಜಿ ಬಂದವು, ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಗೇಣಿದಾರರ ಪರವಾಗಿ ಆದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗಗಳಲ್ಲಿ ಇದರ ಪರಿಣಾಮ ಎಷ್ಟಿತ್ತೆಂಬುದನ್ನು ಈ ಸಭೆಯಲ್ಲಿ ಕೂತವರಲ್ಲಿ ಅರ್ಧದಷ್ಟು ಜನ ತಮ್ಮ ಮನೆಯ ಕಥೆಯಿಂದಲೇ ಹೇಳಬಲ್ಲಿರಿ.

ಉಳಿದರ್ಧ ಜನರ ಮನೆಯ ಕಥೆ ಬೇರೆ ಇದ್ದೀತು, ಅದನ್ನು ನುಂಗಿಹಾಕುವುದು ನ್ಯಾಯವಲ್ಲ. ನೂರಾರು ಎಕರೆಯ ಒಡೆಯರು ತಮ್ಮ ದಾರಿ ನೋಡಿಕೊಂಡರು. ಎರಡು ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಅದರ ಭತ್ತದಲ್ಲಿ ಬದುಕುತ್ತಿದ್ದ ವಿಧವೆಯರು, ಊರು ಬಿಟ್ಟು ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವರು, ಗೇಣಿಯ ಅಕ್ಕಿಯಲ್ಲೇ ನೈವೇದ್ಯ ನಡೆಯುತ್ತಿದ್ದ ಸಣ್ಣ ದೇವಸ್ಥಾನಗಳು, ಇವರೆಲ್ಲರಿಗೂ ಅದೇ ಕಾಯ್ದೆ ಅಷ್ಟೇ ಜೋರಾಗಿ ಬಡಿಯಿತು. ಪರಿಹಾರದ ಹಣ ಹೆಸರಿಗಷ್ಟೇ ಇತ್ತು. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಗೇಣಿದಾರನಿಗೆ ಭೂಮಿ ಸಿಕ್ಕಿತು, ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ಸಿಗಲಿಲ್ಲ. ದಲಿತರಲ್ಲಿ ಹೆಚ್ಚಿನವರಿಗೆ ಗೇಣಿಯ ಭಾಗ್ಯವೂ ಇರಲಿಲ್ಲ, ಅವರು ಬರಿಯ ಆಳುಗಳು. ಮಂಡಳಿಯಲ್ಲಿ ಕೂತು ಬೇರೆಯವರಿಗೆ ಗದ್ದೆ ಕೊಟ್ಟ ಆ ಎರಡನೆಯ ಕುರ್ಚಿಯವರು ಸಂಜೆ ಮನೆಗೆ ಹೋಗುವಾಗ ಭೂಮಿಯಿಲ್ಲದವರೇ ಆಗಿದ್ದರು.

ಹಾವನೂರು ಆಯೋಗದ ವಿಷಯವನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅದರ ಮೇಲೆ ಬೇಕಾದಷ್ಟು ಬರೆದಾಗಿದೆ. 1972ರ ಆಗಸ್ಟಿನಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚನೆಯಾಯಿತು. ಅಧ್ಯಕ್ಷ ಸ್ಥಾನಕ್ಕೆ ನಿವೃತ್ತ ನ್ಯಾಯಮೂರ್ತಿಯನ್ನು ಕರೆತರಬಹುದಿತ್ತು. ಅರಸು ರಾಣೆಬೆನ್ನೂರು ಕಡೆಯ, ನಾಯಕ ಸಮುದಾಯದ ವಕೀಲ ಎಲ್.ಜಿ. ಹಾವನೂರರನ್ನು ಕೂರಿಸಿದರು. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. 1975ರ ನವೆಂಬರಿನಲ್ಲಿ ವರದಿ ಬಂತು, 1977ರಲ್ಲಿ ಅದರ ಮೇಲೆ ಮೀಸಲಾತಿಯ ಆದೇಶ ಹೊರಟಿತು. ಪಟ್ಟಿಯಿಂದ ಹೊರಗುಳಿದ ಪ್ರಬಲರು ಬೀದಿಗಿಳಿದರು. ವರದಿಯನ್ನು ಸುಟ್ಟವರೂ ಇದ್ದರು. ಆಮೇಲೆ ವೆಂಕಟಸ್ವಾಮಿ ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗ ಬಂದವು. ಪಟ್ಟಿಗಳು ಹಿಗ್ಗಿದವು, ಕುಗ್ಗಿದವು. ಯಾವ ಜಾತಿ ಎಷ್ಟು ಓದಿದೆ, ಎಷ್ಟು ಕೆಲಸದಲ್ಲಿದೆ ಎಂದು ಲೆಕ್ಕ ಹಾಕಿಯೇ ಮಾತಾಡಬೇಕು ಎಂಬ ರೂಢಿ ಮಾತ್ರ ಹಾವನೂರರಿಂದ ಈಚೆಗೆ ಯಾರೂ ಮೀರಲಾಗದ್ದಾಯಿತು.

ಇನ್ನು ಕಟುವಾದ ಮಾತು. ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಸಚಿವರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯದ ಬಗ್ಗೆ ‘ಬೂಸಾ’ ಎಂದು ಆಡಿದ ಮಾತಿಗೆ ರಾಜ್ಯದ ಊರೂರಲ್ಲಿ ಗಲಭೆ ಎದ್ದಿತು, ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿತ್ತು. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ತಾವೇ ಕೂರಿಸಿದವರನ್ನು ಕಷ್ಟಕಾಲದಲ್ಲಿ ಹಿಡಿದು ನಿಲ್ಲಿಸುವುದು ನಾಯಕನ ಕರ್ತವ್ಯ. ಅಲ್ಲಿ ಅರಸು ಹಿಂದೆ ಸರಿದರು. ತುರ್ತು ಪರಿಸ್ಥಿತಿಯಲ್ಲಿ ಅವರು ದೆಹಲಿಗೆ ಎದುರಾಡಲಿಲ್ಲ. ಉತ್ತರದ ರಾಜ್ಯಗಳಲ್ಲಿ ನಡೆದಷ್ಟು ಅತಿರೇಕ ಇಲ್ಲಿ ನಡೆಯಲಿಲ್ಲ ಎಂದು ಅವರ ಅಭಿಮಾನಿಗಳು ಹೇಳುತ್ತಾರೆ. ಸರಿ. ಆದರೆ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅಸ್ತಮಾದಿಂದ ನರಳುತ್ತ ತಿಂಗಳುಗಟ್ಟಲೆ ಇದ್ದದ್ದು ಬೆಂಗಳೂರಿನ ಸೆರೆಮನೆಯಲ್ಲಿ. 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಸೆರೆಮನೆ ನಡೆಸುತ್ತಿದ್ದದ್ದು ಅರಸು ಸರ್ಕಾರ. ಅರಸು ಮೇಲಿನ ಭ್ರಷ್ಟಾಚಾರದ ದೂರುಗಳನ್ನು ವಿಚಾರಿಸಿದ ಗ್ರೋವರ್ ಆಯೋಗ ಕೆಲವು ಆರೋಪಗಳಲ್ಲಿ ಹುರುಳಿದೆ ಎಂದಿತು. ರಾಜಕೀಯ ಪ್ರೇರಿತ ಆಯೋಗ ಎಂದು ಹೇಳಿ ಇದನ್ನು ತಳ್ಳಿಹಾಕುವುದು ಸುಲಭ, ನಾನು ತಳ್ಳಿಹಾಕುವುದಿಲ್ಲ. ಬಡವರ ಪರ ಇದ್ದದ್ದರಿಂದ ಇದೆಲ್ಲ ಮಾಫಿ ಎನ್ನುವ ವಾದವನ್ನೂ ನಾನು ಒಪ್ಪುವುದಿಲ್ಲ. ಆ ವಾದ ಒಪ್ಪಿಕೊಂಡೇ ನಮ್ಮ ರಾಜಕಾರಣ ಇವತ್ತಿನ ಗತಿಗೆ ಬಂದಿದೆ.

ಹಾಗಾದರೆ ಇವರನ್ನು ಒಳ್ಳೆಯ ನಾಯಕ ಎನ್ನುವುದು ಹೇಗೆ? ಉತ್ತರ ಅವರ ಸೋಲಿನಲ್ಲಿದೆ ಎಂದು ನನಗೆ ಕಾಣುತ್ತದೆ.

1978ರಲ್ಲಿ ಅವರ ಪಕ್ಷ 149 ಸ್ಥಾನ ಗೆದ್ದು ಮತ್ತೆ ಬಂತು. ಅದೇ ವರ್ಷ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಕಳಿಸಿದ್ದೂ ಅವರೇ. ಮರುವರ್ಷ ಇಂದಿರಾ ಅವರೊಡನೆ ಸಂಬಂಧ ಕೆಟ್ಟು ಪಕ್ಷದಿಂದ ಹೊರಬಿದ್ದರು. ಶಾಸಕರಲ್ಲಿ ಬಹುಪಾಲು ಆಗ ಅವರ ಜೊತೆಗೇ ಇದ್ದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ಕರ್ನಾಟಕದ 28ರಲ್ಲಿ 27 ಗೆದ್ದಿತು. ಫಲಿತಾಂಶ ಬಂದದ್ದೇ ತಡ, ಅರಸು ಬಂಗಲೆಯ ಮುಂದಿದ್ದ ಕಾರುಗಳು ಬೇರೆ ಬಂಗಲೆಗೆ ಹೋದವು. ಅವರ ಕೈಯಲ್ಲೇ ಬೆಳೆದು ಅವರ ಸಂಪುಟದಲ್ಲೇ ಮಂತ್ರಿಯಾಗಿದ್ದ ಗುಂಡೂರಾವ್ ಮುಖ್ಯಮಂತ್ರಿಯಾದರು. ಜನರನ್ನು ಬೆಳೆಸಿದ ಅರಸು ಅವರನ್ನು ಕೂಡಿಸಿ ಒಂದು ಪಕ್ಷ ಕಟ್ಟುವ ಕೆಲಸ ಮಾಡಿರಲಿಲ್ಲ. ಎಲ್ಲವೂ ತಮ್ಮ ಕೈಯಿಂದಲೇ ಹಂಚಿಕೆಯಾಗುತ್ತಿತ್ತು. ಆ ಕೈ ಖಾಲಿಯಾದದ್ದು ಕಂಡ ಕೂಡಲೇ ಜನ ಚದುರಿದರು. ಇದು ಅವರ ದೊಡ್ಡ ದೌರ್ಬಲ್ಯ. ಕೊನೆಗೆ ಕ್ರಾಂತಿರಂಗ ಎಂಬ ಪಕ್ಷ ಕಟ್ಟಿದರು, ಅದು ಅಧಿಕಾರದಲ್ಲಿ ಪಾಲು ಪಡೆದದ್ದನ್ನು ನೋಡಲು ಉಳಿಯಲಿಲ್ಲ. 1982ರ ಜೂನ್ 6ರಂದು ತೀರಿಕೊಂಡರು.

ಈಗ ಇನ್ನೊಂದು ಪಕ್ಕ ನೋಡಿ. ಶಾಸಕರು ಬಿಟ್ಟುಹೋದ ಆ ಜನವರಿಯಲ್ಲೂ ತಾಲ್ಲೂಕು ಕಚೇರಿಗಳಲ್ಲಿ ಭೂನ್ಯಾಯ ಮಂಡಳಿಗಳು ಕೂರುತ್ತಿದ್ದವು. ಹೊಸ ಸರ್ಕಾರ ಅವುಗಳನ್ನು ಎತ್ತಿಹಾಕಲಿಲ್ಲ. ಅದರ ನಂತರ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರ ಮೇಲ್ಮನವಿಯ ವ್ಯವಸ್ಥೆ ತಂದಿತು, 1987ರಲ್ಲಿ ಸುಪ್ರೀಂ ಕೋರ್ಟ್ ವಕೀಲರ ಮೇಲಿನ ನಿರ್ಬಂಧವನ್ನು ಹೊಡೆದುಹಾಕಿತು. ಆದರೆ ಕಾಯ್ದೆಯ ತಿರುಳನ್ನು ಅದೇ ತೀರ್ಪು ಎತ್ತಿಹಿಡಿಯಿತು. ಅರಸು ಹೆಸರು ಹೇಳಲು ಹೆದರುತ್ತಿದ್ದ ಕಾಲದಲ್ಲೂ ಅವರು ಹಾಕಿಟ್ಟ ಕುರ್ಚಿಗಳು ಕೆಲಸ ಮಾಡುತ್ತಿದ್ದವು. ಅವರು ಬೆಳೆಸಿದ ವ್ಯಕ್ತಿಗಳು ನಿಷ್ಠೆ ಬದಲಿಸಿದರು, ಕಾಯ್ದೆಯಲ್ಲಿ ಬರೆಸಿದ ಜಾಗಗಳು ಬದಲಾಗಲಿಲ್ಲ. ಅರಸು ಒಬ್ಬ ದಲಿತನನ್ನು ಕರೆದು ದಯೆಯಿಂದ ಕುರ್ಚಿ ಕೊಟ್ಟಿದ್ದರೆ ಆ ಕುರ್ಚಿ ಅವರ ಜೊತೆಗೇ ಹೋಗುತ್ತಿತ್ತು. ಒಬ್ಬರು ಇರಲೇಬೇಕು ಎಂದು ಬರೆಸಿದ್ದರಿಂದ ಉಳಿಯಿತು. ದಾನಿಯಾದ ನಾಯಕನಿಗೂ ಹಕ್ಕು ಕಟ್ಟಿಕೊಡುವ ನಾಯಕನಿಗೂ ಇರುವ ಅಂತರ ಇಷ್ಟೇ, ಮತ್ತು ಒಬ್ಬನೇ ಮನುಷ್ಯ ಎರಡೂ ಆಗಿರಬಹುದು ಎಂಬುದಕ್ಕೆ ಅರಸು ಅವರೇ ಉದಾಹರಣೆ: ಪಕ್ಷದಲ್ಲಿ ದಾನಿ, ಕಾಯ್ದೆಯಲ್ಲಿ ಹಕ್ಕು ಕಟ್ಟಿದವರು.

ಹಾಗೆಂದು ಕಾಯ್ದೆಯಲ್ಲಿ ಬರೆದದ್ದೆಲ್ಲ ಶಾಶ್ವತ ಎಂದುಕೊಳ್ಳಬೇಡಿ. ಬೇಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯುವ 79-ಎ, 79-ಬಿ ಕಲಮುಗಳು 1974ರ ಅದೇ ತಿದ್ದುಪಡಿಯಲ್ಲಿ ಬಂದವು. 2020ರಲ್ಲಿ ಅವನ್ನು ತೆಗೆದುಹಾಕಲಾಯಿತು. ಕೃಷಿ ಲಾಭದಾಯಕವಾಗಲಿ ಎಂದು ತೆಗೆದೆವು ಎನ್ನುವವರ ವಾದವನ್ನು ನಾನು ಕೇಳಿದ್ದೇನೆ. ಆ ಕಲಮುಗಳು ಲಂಚಕ್ಕೆ ದಾರಿಯಾಗಿದ್ದವು ಎಂಬ ಮಾತಿನಲ್ಲಿ ಸತ್ಯವಿದೆ. ನನ್ನ ತಕರಾರು ಒಂದೇ: ಆ ತೀರ್ಮಾನ ಮಾಡುವಾಗ ಮೇಜಿನ ಆಚೆ ಉಳುವವರು ಯಾರಿದ್ದರು?

ವಿದ್ಯಾರ್ಥಿಗಳಿಗೆ ಒಂದು ಕೋರಿಕೆ ಇದೆ. ನಾಯಕತ್ವದ ಬಗ್ಗೆ ಪ್ರಬಂಧ ಬರೆಯಬೇಕಾಗಿ ಬಂದಾಗ ಜೀವನಚರಿತ್ರೆಗಳ ಜೊತೆಗೆ ಇನ್ನೊಂದು ಕಡೆಯೂ ಹುಡುಕಿ. ನಿಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಭೂನ್ಯಾಯ ಮಂಡಳಿಯ ಕಡತಗಳಿರುತ್ತವೆ: ಫಾರಂ 7, ಪಹಣಿಯ ನಕಲು, ಸಾಕ್ಷಿಗಳ ಹೇಳಿಕೆ, ಹೆಬ್ಬೆಟ್ಟು, ಐವರ ಸಹಿ. ಕೆಲವನ್ನು ಗೆದ್ದಲು ತಿಂದಿದೆ, ಕೆಲವು ಮಳೆನೀರಿಗೆ ಅಂಟಿಕೊಂಡಿವೆ. ಇತಿಹಾಸ ವಿಭಾಗದವರು ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಒಂದೊಂದು ಹಳ್ಳಿಯ ಕಡತವನ್ನಾದರೂ ಓದಿ, ಫೋಟೋ ತೆಗೆದಿಡಿ. ಆ ಸಹಿಗಳ ಪೈಕಿ ಎರಡನೆಯ ಕುರ್ಚಿಯವರು ಯಾರು, ಯಾವ ಊರಿನವರು, ಆಮೇಲೆ ಏನಾದರು ಎಂದು ವಿಚಾರಿಸಿ. ಬರುವ ಬೇಸಿಗೆ ರಜೆಯಲ್ಲೇ ಶುರು ಮಾಡಿ. ಆ ಮೇಜಿನ ಆಚೆ ಈಚೆ ಇದ್ದವರಲ್ಲಿ ಈಗ ಬದುಕಿ ಉಳಿದವರು ಕೆಲವೇ ಮಂದಿ.